ದೊಡ್ಡ ಆಪಾ ಅವರಿಗೆ ತುಂಬಿ ಕೊಟ್ಟ ಚಹಾದ ಕುರಿತು

ನಾನು ಕೊಟ್ಟ ಒಂದು ಕಪ್ ಚಹಾ ನೋಡಿ, ಅರವತ್ತು ದಾಟಿದ ಹಿರಿಯ ಮಹಿಳೆಯೊಬ್ಬರು ನಮ್ಮ ಕೋಣೆಯಿಂದ ಎದ್ದು ಹೋದರು ಎಂಬ ಸಂಗತಿಯನ್ನು ಈ ಮೂಲಕ ಮಾನ್ಯ ಓದುಗರ ಗಮನಕ್ಕೆ ತರಬಯಸುತ್ತೇನೆ.

ಚಹಾ ಕೆಟ್ಟಿರಲಿಲ್ಲ. ಹಾಲು ಒಡೆದಿರಲಿಲ್ಲ. ಸಕ್ಕರೆ ಹದವಾಗಿತ್ತು. ಶುಂಠಿಯನ್ನು ನಾನೇ ಜಜ್ಜಿ ಹಾಕಿದ್ದೆ. ಹಾಗಿದ್ದ ಮೇಲೆ ಅವರು ಎದ್ದು ಹೋದದ್ದೇಕೆ?

ಇದನ್ನು ತಿಳಿಯದೆ ನನ್ನ ವೈದ್ಯಕೀಯ ಓದೇ ನಿಂತುಹೋಗುವ ಹಂತಕ್ಕೆ ಬಂದಿತ್ತು. ತಿಳಿದ ನಂತರ ಗೊಂದಲ ಕಡಿಮೆಯಾಯಿತೇ ಎಂದು ಕೇಳಿದಲ್ಲಿ, ಇಲ್ಲ ಎಂದು ವಿಷಾದದಿಂದ ತಿಳಿಸಬೇಕಾಗಿದೆ.

ಮೊದಲಿಗೆ ನನ್ನ ಪರಿಚಯ. ನಾನು ರುಬೀನಾ, ಗಜೇಂದ್ರಗಡದವಳು. ತಂದೆಯವರದು ಬಸ್ ಸ್ಟ್ಯಾಂಡಿನ ಹಿಂದೆ ಸೀರೆ ಅಂಗಡಿ. ಪಿ.ಯು.ಸಿ. ಓದಿದ್ದು ರೋಣದಲ್ಲಿ. ಸದ್ಯ ಕಿರ್ಗಿಸ್ತಾನ ದೇಶದ ರಾಜಧಾನಿ ಬಿಷ್ಕೆಕ್‌ನಲ್ಲಿ ಎಂ.ಬಿ.ಬಿ.ಎಸ್. ವಿದ್ಯಾರ್ಥಿನಿ. ರಜೆಗೆ ಊರಿಗೆ ಬಂದಾಗ ಈ ಪತ್ರಿಕೆಯ ಸಂಪಾದಕರು ಅಂಗಡಿಗೇ ಬಂದು, "ವಾರಕ್ಕೊಂದ ಬರೀವಾ ತಂಗಿ. ಅಲ್ಲಿ ಏನ ಉಣ್ತೀ, ಏನ ನೋಡ್ತೀ, ಅಷ್ಟ ಬರದ್ರ ಸಾಕು" ಎಂದು ಸೂಚಿಸಿದ ಮೇರೆಗೆ ಈ ಬರಹ. (ಇದುವರೆಗೆ ನಾನು ಬರೆದದ್ದೆಲ್ಲ ಅರ್ಜಿಗಳು. ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ವಿನಂತಿ.)

ಕಿರ್ಗಿಸ್ತಾನ ಎಲ್ಲಿದೆ? ಈ ಪ್ರಶ್ನೆಗೆ ಅಬ್ಬಾ ಅವರಲ್ಲಿ ಸಿದ್ಧ ಉತ್ತರವಿದೆ. ಸೀರೆ ಮಡಚುತ್ತಲೇ, "ರಷ್ಯಾದ ಬಾಜೂಕ ಐತ್ರಿ" ಎನ್ನುತ್ತಾರೆ. ಗಿರಾಕಿಗಳಿಗೆ ಸಮಾಧಾನವಾಗುತ್ತದೆ. ನನಗೆ ಮಾತ್ರ ಆಗುವುದಿಲ್ಲ. ನಡುವೆ ಇನ್ನೂ ಒಂದು ದೇಶವಿದೆ.

ನನ್ನನ್ನು ಅಷ್ಟು ದೂರ ಕಳಿಸುವುದು ಮನೆಯಲ್ಲಿ ಯಾರಿಗೂ ಇಷ್ಟವಿರಲಿಲ್ಲ. ಅಬ್ಬಾ ಒಪ್ಪಿದರು, ಆದರೆ ಒಂದು ಷರತ್ತಿನ ಮೇಲೆ.

"ಹಾಸ್ಟೆಲ್ ಬ್ಯಾಡ. ಗಂಡ್ಹುಡುಗ್ರು ಹೆಣ್ಹುಡುಗ್ರು ಒಂದ ಬಿಲ್ಡಿಂಗಿನ್ಯಾಗ ಇರ್ತಾರಂತ. ಹಿರೇ ಹೆಣ್ಮಗಳು ಇರೂ ಮನಿ ಸಿಕ್ರ ಇರು. ಸಿಗಲಿಲ್ಲಂದ್ರ ಲಗೂನ ಹೊಳ್ಳಿ ಬಾ. ನಾ ಏನೂ ಅನ್ನಂಗಿಲ್ಲ."

ಆ ಕೊನೆಯ ಮಾತೇ ಭಯ ಹುಟ್ಟಿಸಿತ್ತು. ಏನೂ ಅನ್ನದ ತಂದೆಯ ಎದುರು ಬ್ಯಾಗು ಹಿಡಿದು ನಿಲ್ಲುವುದು ಹೇಗೆ?

ಆದ್ದರಿಂದ ಓದುಗರು ದಯವಿಟ್ಟು ಗಮನಿಸಬೇಕು. ಆ ಊರಿನಲ್ಲಿ ನನಗೆ ಕೋಣೆ ಎಂದರೆ ಬರೀ ಕೋಣೆಯಲ್ಲ. ಕೋಣೆ ಹೋದರೆ ಡಿಗ್ರಿಯೂ ಹೋದಂತೆ.

ಕೋಣೆ ಸಿಕ್ಕಿದ್ದು ಗುಲ್ನಾರಾ ಆಪಾ ಅವರ ಫ್ಲಾಟಿನಲ್ಲಿ. ಬಟ್ಟೆ ಫ್ಯಾಕ್ಟರಿಯಲ್ಲಿ ಹೊಲಿಗೆ ಮಾಡಿ ನಿವೃತ್ತರಾದವರು. ಪತಿ ತೀರಿಕೊಂಡಿದ್ದಾರೆ. (ನಮ್ಮ ಮನೆಗಳಲ್ಲಿ ಅಕ್ಕನಿಗೆ ಆಪಾ ಎನ್ನುತ್ತೇವೆ. ಅಲ್ಲಿ ತಾಯಿಗೆ, ತಾಯಿಯ ವಯಸ್ಸಿನವರಿಗೆ ಆಪಾ ಎನ್ನುತ್ತಾರೆ. ಅವರನ್ನು ಕರೆದಾಗಲೆಲ್ಲ ನನಗೆ ಒಂದು ಕ್ಷಣ ಅವರ ವಯಸ್ಸೇ ಮರೆತುಹೋಗುತ್ತದೆ.) ಅವರು ಮಾತನಾಡುವುದು ರಷ್ಯನ್ ಮತ್ತು ಕಿರ್ಗಿಜ್. ಆದರೆ ಅವರ ರಷ್ಯನ್ ನನ್ನ ತಲೆಯೊಳಗೆ ಗಜೇಂದ್ರಗಡದ ಕನ್ನಡವಾಗಿಯೇ ಇಳಿಯುತ್ತದೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಕೋಣೆಯಲ್ಲಿ ನನ್ನ ಜೊತೆಗಾರ್ತಿ ಸವಿತಾ. ನರಗುಂದದ ಲಿಂಗಾಯತರ ಮನೆಯ ಹುಡುಗಿ. ಮೊಟ್ಟೆಯನ್ನೂ ಮುಟ್ಟದವಳು. ಹಬ್ಬಕ್ಕೆ ಕುದುರೆ ಮಾಂಸ ಬೇಯಿಸುವ ದೇಶಕ್ಕೆ ಇವಳನ್ನು ಯಾರು ಕಳಿಸಿದರು? ಇವಳ ಉತ್ತರ ಒಂದೇ. "ಸೀಟ್ ಇಲ್ಲಿ ಸಿಕ್ತು. ಕುದುರಿ ನನ್ನ ಕೇಳಿ ಬಂದಿಲ್ಲ, ನಾನೂ ಕುದುರಿನ ಕೇಳಿ ಬಂದಿಲ್ಲ."

ಮೊದಲ ದಿನವೇ ವಿಮಾನ ನಿಲ್ದಾಣದಲ್ಲಿ ತಡೆದರು. ನಮ್ಮಿಬ್ಬರ ಬ್ಯಾಗಿನಲ್ಲಿಯೂ ಖಡಕ್ ರೊಟ್ಟಿಯ ಕಟ್ಟುಗಳಿದ್ದವು. ಅಧಿಕಾರಿ ಒಂದನ್ನು ತೆಗೆದು ಮೇಜಿನ ಮೇಲೆ ಬಡಿದರು. ಸದ್ದು ಬಂತು. ಇನ್ನೊಬ್ಬ ಅಧಿಕಾರಿಯನ್ನು ಕರೆದು, ಅವರಿಗೂ ಬಡಿದು ಕೇಳಿಸಿದರು. ಇದು ತಿನ್ನುವ ವಸ್ತು ಎಂದು ಸಾಬೀತುಪಡಿಸಲು ಸವಿತಾ ಅಲ್ಲಿಯೇ ಮುರಿದು ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದಳು. ಆಮೇಲೆ ಬಿಟ್ಟರು.

ರೊಟ್ಟಿ ಮುಗಿದ ನಂತರ ಅಲ್ಲಿನ ನಾನ್. ತಂದೂರಿನಲ್ಲಿ ಸುಟ್ಟದ್ದು, ದುಂಡಗೆ, ನಡುವೆ ಹೂವಿನಂತೆ ಚುಚ್ಚಿದ ಗುರುತು. ಬಹಳ ಚೆನ್ನಾಗಿರುತ್ತದೆ. ಸವಿತಾ ಅದನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟಳು. ಆಪಾ ಮಾತಿಲ್ಲದೆ ಎತ್ತಿ ಅಂಗಾತ ಇಟ್ಟರು. ಮರುದಿನ ಮತ್ತೆ ಅದೇ. ನಾನ್ ಬೋರಲಾಗಿ ಇಡುವುದು ಅನ್ನಕ್ಕೆ ಮಾಡಿದ ಅವಮಾನವಂತೆ.

"ರೊಟ್ಟಿಗೂ ಮಾರಿ, ಬೆನ್ನು ಇರ್ತಾವೇನಬೇ?" ಎಂದು ಸವಿತಾ ನನ್ನನ್ನು ಕೇಳಿದಳು.

ಇನ್ನು ಕುದುರೆಯ ಹಾಲು. ಹುಳಿ ಬರಿಸಿ ಕುಡಿಯುತ್ತಾರೆ. ಬೇಸಿಗೆಯಲ್ಲಿ ರಸ್ತೆಯ ಬದಿಯಲ್ಲೇ ಮಾರುತ್ತಾರೆ. ಆಪಾ ಪ್ರೀತಿಯಿಂದ ಕೊಟ್ಟಾಗ ನಾನು ಒಂದು ಗುಟುಕು ನುಂಗಿದೆ. ಸವಿತಾ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹ್ಯಾಂಗೈತಿ?"

"ಮಜ್ಜಿಗಿ ಗತೆ."

"ಖರೇ ಹೇಳು."

"ಮಜ್ಜಿಗಿಗೆ ಸಿಟ್ಟ ಬಂದ್ರ ಹ್ಯಾಂಗಿರ್ತೈತಿ, ಹಂಗ."

ಸವಿತಾ ಬದುಕಿದ್ದು ಬಜಾರಿನ ಆಲೂಗಡ್ಡೆ, ಕೋಸು ಮತ್ತು ಖಾರ ಹಚ್ಚಿದ ಗಜ್ಜರಿಯ ಮೇಲೆ. ಆ ಗಜ್ಜರಿ ಮಾರುವವರು ಅಲ್ಲಿ ನೆಲೆಸಿದ ಕೊರಿಯಾದ ಹೆಂಗಸರು. ಖಾರದ ವಿಷಯದಲ್ಲಿ ಆ ಊರಿನಲ್ಲಿ ನಮ್ಮ ಕಷ್ಟ ಅರ್ಥವಾದದ್ದು ಅವರಿಗೆ ಮಾತ್ರ.

ಇವೆಲ್ಲ ಅಭ್ಯಾಸವಾದವು. ಅಭ್ಯಾಸವಾಗದೆ ಉಳಿದದ್ದು ಆಪಾ ಅವರ ಚಹಾ.

ಹಿಡಿಕೆಯಿಲ್ಲದ ಚಿಕ್ಕ ಬಟ್ಟಲು. ಅದರಲ್ಲಿಯೂ ಅರ್ಧಕ್ಕಿಂತ ಕಡಿಮೆ. ತಳ ಮುಚ್ಚುವಷ್ಟು ಎಂದರೂ ತಪ್ಪಾಗಲಾರದು. ಕುಡಿದು ಇಟ್ಟರೆ ಮತ್ತೆ ಅಷ್ಟೇ. ಇದೆಂಥ ಅಳತೆ?

ನಮ್ಮ ಕಡೆ ಚಹಾ ಕೊಡುವ ರೀತಿಯನ್ನು ತಮಗೆ ನಾನು ಹೇಳಬೇಕಾಗಿಲ್ಲ. ಕಪ್ಪು ತುಂಬಿ ಬಸಿಗೆ ಚೆಲ್ಲಬೇಕು. ಬಂದವರು ಮೊದಲು ಬಸಿಯನ್ನು ಎತ್ತಿ ಸುರ್ ಎಂದು ಹೀರಬೇಕು. ಅಬ್ಬಾ ಅವರ ಅಂಗಡಿಯಲ್ಲಿ ರಾಶಿ ಸೀರೆ ಬಿಚ್ಚಿಸಿ ಒಂದನ್ನೂ ಕೊಳ್ಳದೆ ಹೋಗುವವರಿಗೂ ಇದೇ ಮರ್ಯಾದೆ. ಬಸಿ ಒಣಗಿದ್ದರೆ ಸಾಕು, ಅಬ್ಬಾ ಹೋಟೆಲಿನವರನ್ನು, "ಯಾಕೋ ಮಾರಾಯಾ, ಎಮ್ಮಿ ಬತ್ತೇತೇನು?" ಎಂದು ಕೇಳುತ್ತಾರೆ. ಅರ್ಧ ಕಪ್ಪು ಕೊಡುವುದು ಯಾರಿಗೆ? ಬಂದದ್ದೇ ಬೇಡವಾದವರಿಗೆ.

"ಆಪಾನ ಕೈ ಭಾಳ ಗಟ್ಟಿ ಐತಿ ಬಿಡು" ಎಂದು ಸವಿತಾ ತೀರ್ಪು ಕೊಟ್ಟಳು.

"ಪೆನ್ಶನ್ ಕಡಿಮಿ ಇರ್ಬೇಕು" ಎಂದು ನಾನು ಸಮಜಾಯಿಷಿ ನೀಡಿದೆ.

ಆದ್ದರಿಂದ ಅವರಿಗೆ ಭಾರವಾಗಬಾರದೆಂದು ಎರಡು ಬಟ್ಟಲಿಗೇ "ಸಾಕ್ರಿ" ಎಂದು ಏಳುವುದನ್ನು ರೂಢಿ ಮಾಡಿಕೊಂಡೆವು. ಇದನ್ನು ಸೌಜನ್ಯವೆಂದೇ ಭಾವಿಸಿದ್ದೆವು ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬಯಸುತ್ತೇನೆ.

ಹೀಗಿರುವಾಗ, ಕಳೆದ ಚಳಿಗಾಲದಲ್ಲಿ, ಆಪಾ ಅವರ ಅಕ್ಕ ಬರುವ ಸುದ್ದಿ ಬಂತು. ನಾವು ಅವರನ್ನು ದೊಡ್ಡ ಆಪಾ ಎಂದು ಕರೆಯುತ್ತೇವೆ. ಫ್ಲಾಟು ಇರುವುದು ಅವರ ಹೆಸರಿನಲ್ಲಿ. ಅವರ ಮೊಮ್ಮಗ ಬಿಷ್ಕೆಕ್‌ನಲ್ಲಿ ಕಾಲೇಜು ಸೇರುವವನಿದ್ದ. ನಮ್ಮ ಕೋಣೆ ಅವನಿಗೋ, ನಮಗೋ? ನೋಡಿ ತೀರ್ಮಾನಿಸಲು ದೊಡ್ಡ ಆಪಾ ಸ್ವತಃ ಬರುತ್ತಿದ್ದರು.

"ಅಕ್ಕಗ ನೀವು ಮನಸಿಗೆ ಬಂದ್ರ ಮುಗೀತು, ಇರ್ರಿ. ನಾ ಏನ ಹೇಳಿದ್ರೂ ಆಕೀ ಕೇಳಂಗಿಲ್ಲ" ಎಂದು ಆಪಾ ಮೊದಲೇ ತಿಳಿಸಿದ್ದರು.

ನಾವು ಸಕಲ ಸಿದ್ಧತೆ ಮಾಡಿಕೊಂಡೆವು. ಸವಿತಾ ರವೆ ಹುರಿದು ಸಿರಾ ಮಾಡಿದಳು. ಗೋಡಂಬಿ ಸಿಗದೆ ಅಲ್ಲಿಯ ಅಕ್ರೋಟು ಹಾಕಿದಳು. ನಾನು ಕಪ್ಪು-ಬಸಿ ಹುಡುಕಿಕೊಂಡು ಹಳೆ ಬಜಾರೆಲ್ಲ ಸುತ್ತಿ ಒಂದು ಜೊತೆ ತಂದೆ. ದೊಡ್ಡ ಆಪಾ ಬಂದರು. ಎತ್ತರದ ಹೆಂಗಸು, ಬಿಳಿ ತಲೆವಸ್ತ್ರ, ನಗು ಅಪರೂಪ. ಸಿರಾ ರುಚಿ ನೋಡಿ ತಲೆದೂಗಿದರು. ಸವಿತಾ ನನ್ನ ಮೊಣಕೈಗೆ ತಿವಿದಳು. ನಾನು ಚಹಾ ಹಾಕಿದೆ. ಹೇಗೆ ಹಾಕಿದೆ? ಗಜೇಂದ್ರಗಡದ ಮಾನ ಕಾಯುವ ಹಾಗೆ ಹಾಕಿದೆ. ಕಪ್ಪು ತುಂಬಿತು, ಅಂಚು ದಾಟಿತು, ಬಸಿಯೂ ತುಂಬಿತು.

ದೊಡ್ಡ ಆಪಾ ಕಪ್ಪು ನೋಡಿದರು. ತಂಗಿಯ ಮುಖ ನೋಡಿದರು. ಎರಡು ಗುಟುಕು ಕುಡಿದು, ಉಂಡು ಮುಗಿದಾಗ ಮಾಡುವಂತೆ ಅಂಗೈಗಳಿಂದ ಮುಖ ಸವರಿ ಆಮೀನ್ ಎಂದು ಎದ್ದರು. ಕೋಟು ಹಾಕಿಕೊಂಡರು. ಗುಲ್ನಾರಾ ಆಪಾ ಅಕ್ಕನ ಹಿಂದೆಯೇ ಮೆಟ್ಟಿಲಿಳಿದು ಹೋದರು.

"ಏನ ಹಾಕಿದಿಲೇ ಅದ್ರಾಗ?" ಎಂದಳು ಸವಿತಾ.

"ಶುಂಠಿ."

"ಶುಂಠಿಗೆ ಯಾರರೆ ಹಿಂಗ ಎದ್ದ ಹೋಗ್ತಾರೇನು?"

ಅಂದಿನಿಂದ ಆಪಾ ಊಟ ಕೊಡುತ್ತಿದ್ದರು, ನಾನ್ ಅಂಗಾತ ಇಡುತ್ತಿದ್ದರು, ಮಾತು ಮಾತ್ರ ಇಲ್ಲ. ಕೊನೆಗೆ ಒಂದು ದಿನ ಕಿಟಕಿಯ ಕಡೆ ನೋಡುತ್ತ ಹೇಳಿದರು. "ಪರೀಕ್ಷಾ ಮುಗದ ಮ್ಯಾಲೆ ಬ್ಯಾರೆ ಕಡೆ ನೋಡ್ಕೋರಿ. ಹುಡುಗ ಬರ್ತಾನಂತ."

ಬೇರೆ ಕಡೆ ಎಂದರೆ ಹಾಸ್ಟೆಲ್. ಹಾಸ್ಟೆಲ್ ಎಂದರೆ ಗಜೇಂದ್ರಗಡ.

ನಾವು ತಪ್ಪು ಹುಡುಕತೊಡಗಿದೆವು. ಸಿರಾಕ್ಕೆ ತುಪ್ಪ ಹೆಚ್ಚಾಯಿತೇ? ಎಡಗೈಯಿಂದ ಏನಾದರೂ ಕೊಟ್ಟೆವೇ? ಕಪ್ಪಿಗೆ ಹಿಡಿಕೆ ಇದ್ದದ್ದೇ ತಪ್ಪೇ? ಸವಿತಾಳ ಶಂಕೆ ನನ್ನ ಮೇಲೆ, ನನ್ನ ಶಂಕೆ ಅವಳ ಅಕ್ರೋಟಿನ ಮೇಲೆ. ಅಂತಿಮವಾಗಿ ಅಬ್ಬಾ ಅವರಿಗೆ ಫೋನ್ ಮಾಡಿ, ಕೋಣೆಯ ವಿಷಯ ಮುಚ್ಚಿಟ್ಟು, ಬಂದವರು ಚಹಾ ಬಿಟ್ಟು ಹೋದರು ಎಂದಷ್ಟೇ ತಿಳಿಸಿದೆ. ಸವಿತಾಳೂ ಕೇಳಲಿ ಎಂದು ಸ್ಪೀಕರ್ ಹಾಕಿದ್ದೆ.

ಅಬ್ಬಾ ಒಂದು ಕ್ಷಣವೂ ಯೋಚಿಸಲಿಲ್ಲ.

"ಕಡಿಮಿ ಹಾಕಿರ್ತೀ."

"ಇಲ್ರೀ ಅಬ್ಬಾ, ಬಸಿಗೂ ಚೆಲ್ಲಿತ್ತು."

"ಬೇಟಾ, ಅದು ಥಂಡಿ ದೇಶ. ನಮ್ಮ ಕಪ್ಪು ಅವರಿಗೆ ಯಾವ ಮೂಲಿಗೆ ಸಾಲತೈತಿ? ದೊಡ್ಡ ಗ್ಲಾಸ್ ತಗೊಂಡು, ಕಂಠಪೂರ್ತಿ ತುಂಬಿ ಕೊಡು. ಹಿರಿಯಾರ ಮುಂದ ಕೈ ಸಣ್ಣ ಮಾಡಬ್ಯಾಡ."

ತಂದೆಯವರ ಮಾತಿನಲ್ಲಿ ತಪ್ಪೇನಿತ್ತು? ನಲವತ್ತು ವರ್ಷ ಗಿರಾಕಿಗಳನ್ನು ಕೂರಿಸಿ ಕಳಿಸಿದವರು. ಸವಿತಾ ಕೂಡ, "ನಿಮ್ಮ ಅಬ್ಬಾ ಹೇಳೂದು ಖರೇ ಐತಿ" ಎಂದಳು.

ಆ ಭಾನುವಾರ ಆಪಾ ಅವರನ್ನು ನಮ್ಮ ಕೋಣೆಗೆ ಆಹ್ವಾನಿಸಿದೆವು. ಬಿಯರ್ ಕುಡಿಯುವವರು ಬಳಸುವಂಥ ದೊಡ್ಡ ಗಾಜಿನ ಮಗ್ಗು ತಂದಿದ್ದೆ. (ಅದು ಆ ಕೆಲಸದ್ದು ಎಂದು ನನಗೆ ಆಮೇಲೆ ತಿಳಿಯಿತು.) ಅದಕ್ಕೆ ಅಂಚಿನವರೆಗೆ ಚಹಾ ತುಂಬಿ, ಎರಡೂ ಕೈಯಿಂದ ಹಿಡಿದು, ಅವರ ಮುಂದೆ ಇಟ್ಟೆ.

ಆಪಾ ಆ ಮಗ್ಗನ್ನು ಬಹಳ ಹೊತ್ತು ನೋಡಿದರು. ಮುಟ್ಟಲಿಲ್ಲ. ಎದ್ದು ನಿಂತರು.

"ಮೊದಲ್ನೇ ಸರ್ತಿಗೇ ತಿಳದಿತ್ತವಾ. ಮತ್ತೊಮ್ಮೆ ಹೇಳೂದೇನ ಬೇಕಾಗಿತ್ತು?"

"ಏನ ತಿಳೀತ್ರಿ?"

"ಅವತ್ತ ನಮ್ಮಕ್ಕಗ ಹೋಗ ಅಂದ್ರಿ. ಇವತ್ತ ನನಗ. ನನ್ನ ಮನ್ಯಾಗ ಕುಂತು ನನಗ ಎದ್ದ ಹೋಗ ಅಂತೀರಿ."

"ನಾವ್ಯಾವಾಗ ಅಂದ್ವಿರಿ?" ಎಂದು ಸವಿತಾ ತನಗೆ ಬಂದಷ್ಟು ರಷ್ಯನ್ನಿನಲ್ಲಿ ಕೇಳಿದಳು.

ಆಪಾ ಮಗ್ಗಿನ ಕಡೆ ಕೈ ತೋರಿಸಿದರು. "ತುಂಬಿ ಕೊಟ್ರ ಏನರ್ಥ? ಕುಡದು ಎದ್ದ ಹೋಗು, ಮತ್ತ ಹಾಕಂಗಿಲ್ಲ ಅಂತ. ಬೇಕಾದ ಮಂದಿಗೆ ಯಾರರೆ ತುಂಬಿ ಕೊಡ್ತಾರೇನು? ಸ್ವಲ್ಪ ಹಾಕಬೇಕು. ಮುಗೀತಂದ್ರ ಮತ್ತ ಸ್ವಲ್ಪ. ಎದುರಿಗೆ ಕುಂತು, ಬಿಸಿಬಿಸಿ, ಹಾಕ್ಕೋತ ಇರಬೇಕು."

ನನ್ನ ತಲೆಯಲ್ಲಿ ವರ್ಷಗಟ್ಟಲೆಯ ಅರ್ಧ ಬಟ್ಟಲುಗಳೆಲ್ಲ ಒಮ್ಮೆಲೇ ತಿರುಗಿ ನಿಂತವು.

"ಹಂಗಾರ ನೀವು ಇಷ್ಟ ದಿನಾ ಅರ್ಧ ಅರ್ಧ ಕೊಟ್ಟಿದ್ದು?" ಎಂದಳು ಸವಿತಾ.

"ನೀವು ಕುಂದರ್ಲಿ ಅಂತ."

"ನಾವು ನಿಮ್ಮ ಕೈ ಗಟ್ಟಿ ಅಂತ ಮಾಡಿದ್ವಿ." ನಾನು ಅವಳ ಕಾಲು ತುಳಿಯುವಷ್ಟರಲ್ಲಿ ಸವಿತಾ ಹೇಳಿಯಾಗಿತ್ತು. "ನಮ್ಮೂರಾಗ ಬ್ಯಾಡಾದವ್ರಿಗೆ ಅರ್ಧಾ ಕೊಡ್ತಾರ್ರಿ. ಬೇಕಾದವ್ರಿಗೆ ಚೆಲ್ಲೂ ಹಂಗ ಕೊಡ್ತಾರ."

ಆಪಾ ನಿಧಾನವಾಗಿ ಕುಳಿತರು.

"ಅದಕ್ಕ ಎರಡಕ್ಕ ಸಾಕ ಅಂತಿದ್ರೇನು? ನನ್ನ ಚಹಾ ನಿಮಗ ಸೇರಂಗಿಲ್ಲಂತ ನಾ ತಿಳ್ಕೊಂಡಿದ್ದೆ."

ಆಮೇಲೆ ಅವರು ಅಂಗೈಯಲ್ಲಿ ಮುಖ ಮುಚ್ಚಿಕೊಂಡರು. ಭುಜ ಅಲುಗುತ್ತಿತ್ತು. ನಕ್ಕರೋ, ಅತ್ತರೋ ನನಗೆ ತಿಳಿಯಲಿಲ್ಲ. ಕೇಳುವಷ್ಟು ರಷ್ಯನ್ ಆಗ ನನ್ನಲ್ಲಿ ಉಳಿದಿರಲಿಲ್ಲ.

ಮಾನ್ಯ ಓದುಗರೇ, ಒಂದು ಮಾತು ವಿನಮ್ರವಾಗಿ ನಿವೇದಿಸಬಯಸುತ್ತೇನೆ. ಪರದೇಶಕ್ಕೆ ಹೋಗುವವರಿಗೆ ಎಲ್ಲರೂ ಭಾಷೆ ಕಲಿ ಎನ್ನುತ್ತಾರೆ. ನಾನು ಕಲಿತೆ. ಮೂಳೆಗಳ ಹೆಸರನ್ನೂ ರಷ್ಯನ್ನಿನಲ್ಲಿ ಹೇಳಬಲ್ಲೆ. ಆದರೆ ಕಪ್ಪಿಗೆ ಎಷ್ಟು ಚಹಾ ಹಾಕಬೇಕೆಂಬುದು ಯಾವ ಪುಸ್ತಕದಲ್ಲಿದೆ? ಅದನ್ನು ಹೇಳಿಕೊಡಬೇಕು ಎಂದು ಅಲ್ಲಿಯವರಿಗೂ ಹೊಳೆಯುವುದಿಲ್ಲ, ಕೇಳಬೇಕು ಎಂದು ನಮಗೂ ಹೊಳೆಯುವುದಿಲ್ಲ. ನನಗೆ ಈಗ ಯಾವುದರ ಮೇಲೂ ಭರವಸೆಯಿಲ್ಲ. ರೋಣದ ಬಸ್ಸಿನಲ್ಲಿ ಪಕ್ಕದವರು ಸೀಟಿಗೆ ಟವೆಲ್ ಹಾಸಿದರೂ, ಇದಕ್ಕೆ ಇನ್ನೇನು ಅರ್ಥವಿರಬಹುದು ಎಂದು ಯೋಚಿಸುತ್ತೇನೆ.

ಆದರೆ ಆಪಾ ಅವರಿಗೆ ತಿಳಿದರೆ ಸಾಕೇ? ಮನೆ ಅವರ ಹೆಸರಿನಲ್ಲಿಲ್ಲ.

"ಫೋನ್‌ನ್ಯಾಗ ಹೇಳಿದ್ರ ಅಕ್ಕ ನಂಬಂಗಿಲ್ಲ. ನೀವ ಬರ್ರಿ" ಎಂದರು.

ದೊಡ್ಡ ಆಪಾ ಇರುವುದು ದೂರದ ಒಂದು ಹಳ್ಳಿಯಲ್ಲಿ, ದೊಡ್ಡ ಸರೋವರದ ದಂಡೆಯ ಮೇಲೆ. ವ್ಯಾನಿನಲ್ಲಿ ಹೋದೆವು. ದಾರಿಯುದ್ದಕ್ಕೂ ಹಿಮದ ಬೆಟ್ಟಗಳು. ಇಂಥ ಎತ್ತರವನ್ನು ನಾನು ನೋಡಿರಲಿಲ್ಲ. ಸವಿತಾ ಕುತ್ತಿಗೆ ಎತ್ತಿ ನೋಡಿ, "ಇಲ್ಲಿ ನಮ್ಮ ನರಗುಂದ ಗುಡ್ಡ ತಂದಿಟ್ರ, ಹಾದ್ಯಾಗಿನ ಕಲ್ಲು ಅಂತ ಸರಸ್ತಾರ" ಎಂದಳು. ಸರೋವರ ಕಂಡಾಗ ಅವಳಿಗೆ ಹೊಳೆಯ ನೆರೆ ನುಗ್ಗುವ ಸೋದರತ್ತೆಯ ಊರು ಮೆಣಸಗಿ ನೆನಪಾಯಿತು. "ನಮ್ಮ ಹೊಳಿಗೆ ಇದ್ರಾಗಿಂದ ಒಂದ ಮೂಲಿ ನೀರ ಬಂದ್ರ, ಊರ ಗುಡ್ಡ ಹತ್ತಬೇಕು." ಅಷ್ಟು ಚಳಿಯಲ್ಲಿಯೂ ಆ ನೀರು ಹೆಪ್ಪುಗಟ್ಟಿರಲಿಲ್ಲ. ಸುತ್ತಲೂ ಹಿಮ, ನಡುವೆ ನೀಲಿ ನೀರು. ಬೇರೆ ಸಮಯವಾಗಿದ್ದರೆ ಆನಂದಿಸುತ್ತಿದ್ದೆ. ಅಂದು ಮನಸ್ಸಿನಲ್ಲಿ ಇದ್ದದ್ದು, ಮುಂದಿನ ತಿಂಗಳು ನಾನು ಎಲ್ಲಿರುತ್ತೇನೆ ಎಂಬುದೊಂದೇ.

ದೊಡ್ಡ ಆಪಾ ಬಾಗಿಲು ತೆರೆದರು. ಒಳಗೆ ಕರೆದರು. ಮೇಜಿನ ಮೇಲೆ ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಬ್ಬುಗಳ ರಾಶಿ, ಕೆನೆ, ಜಾಮ್. ಆಪಾ ಕಿರ್ಗಿಜ್ ಭಾಷೆಯಲ್ಲಿ ಉದ್ದಕ್ಕೂ ವಿವರಿಸಿದರು. ನಮಗೆ ತಿಳಿದದ್ದು ಕೈಸನ್ನೆ ಮಾತ್ರ. ಇಷ್ಟು, ಅಷ್ಟು, ಚೆಲ್ಲುವಷ್ಟು. ದೊಡ್ಡ ಆಪಾ ಅವರ ಮುಖ ಕದಲಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿ ರಷ್ಯನ್ನಿನಲ್ಲಿ ಒಂದೇ ಪ್ರಶ್ನೆ ಕೇಳಿದರು.

"ಹಂಗ ತುಂಬಿ ಕೊಟ್ರ ನಿಮ್ಮ ಊರಾಗ ಮಂದಿ ಎದ್ದ ಹೋಗಂಗಿಲ್ಲೇನು?"

"ಇಲ್ರಿ. ಅದನ್ನ ಕುಡೀತಾರ. ಮಾತಾಡ್ತಾರ. ಇನ್ನೊಂದ ಕುಡೀತಾರ. ಆಮ್ಯಾಲೆ ನಾವು ಊಟಕ್ಕ ಕುಂದ್ರಸ್ತೀವಿ."

ಅವರು ನಗಲಿಲ್ಲ. ಚಹಾದ ಪಾತ್ರೆ ಎತ್ತಿಕೊಂಡರು. ನನ್ನ ಬಟ್ಟಲಿಗೆ ಹಾಕತೊಡಗಿದರು. ಅರ್ಧವಾಯಿತು, ನಿಲ್ಲಿಸಲಿಲ್ಲ. ಮುಕ್ಕಾಲಾಯಿತು. ಅಂಚಿಗೆ ಬಂತು. ಒಂದು ಹನಿ ಮೇಜುಬಟ್ಟೆಯ ಮೇಲೆ ಬಿತ್ತು. ಆಗ ನಿಲ್ಲಿಸಿದರು. ಸವಿತಾಳಿಗೂ ಹಾಗೆಯೇ ಹಾಕಿದರು.

ಇದು ಏನು? ಅವರ ಊರಿನಂತೆ ಹೋಗಿರಿ ಎಂಬ ಸೂಚನೆಯೇ? ಅಥವಾ ನಮ್ಮ ಊರಿನಂತೆ ಇರಿ ಎಂಬ ಮರ್ಯಾದೆಯೇ? ಗುಲ್ನಾರಾ ಆಪಾ ಅವರ ಮುಖದಲ್ಲಿ ಓದೋಣವೆಂದರೆ ಅವರೂ ಬಟ್ಟಲನ್ನೇ ನೋಡುತ್ತಿದ್ದರು.

"ಏಳೂದೋ, ಕುಂದ್ರೂದೋ?" ಎಂದು ಸವಿತಾ ಕನ್ನಡದಲ್ಲಿ ಪಿಸುಗುಟ್ಟಿದಳು.

"ಕುಂದ್ರು."

"ನಿನಗ ತಿಳೀತೇನು?"

"ಇಲ್ಲ. ಅದಕ್ಕ ಕುಂದ್ರು."

ಕುಳಿತೆವು. ಬಟ್ಟಲು ಎತ್ತಿದರೆ ಚೆಲ್ಲುತ್ತದೆಂದು ಬಗ್ಗಿ, ಬಾಯಿಯನ್ನೇ ಬಟ್ಟಲಿಗೆ ಹಚ್ಚಿ ಮೊದಲ ಗುಟುಕು ಹೀರಿದೆ. ಸದ್ದಾಯಿತು. ಕರಿದ ಉಬ್ಬುಗಳನ್ನು ತಿಂದೆವು. ದೊಡ್ಡ ಆಪಾ ಸವಿತಾಳನ್ನು, ಮಾಂಸ ತಿನ್ನದವರು ಚಳಿಯಲ್ಲಿ ಹೇಗೆ ಬದುಕುತ್ತಾರೆ ಎಂದು ವಿಚಾರಿಸಿದರು. ನನ್ನ ತಂದೆಯವರ ಸೀರೆಗಳ ಬಗ್ಗೆ ಕೇಳಿದರು. ಮೊಮ್ಮಗನ ಮಾತು ಬರಲೇ ಇಲ್ಲ. ಸಂಜೆಯ ವ್ಯಾನಿಗೆ ಹಿಂತಿರುಗಿದೆವು.

ಪರೀಕ್ಷೆ ಮುಗಿಯಿತು. ಮೊಮ್ಮಗ ಬರಲಿಲ್ಲ. ಕೋಣೆ ಬಿಡಿ ಎಂದು ಯಾರೂ ಹೇಳಲಿಲ್ಲ, ಇರಿ ಎಂದೂ ಯಾರೂ ಹೇಳಲಿಲ್ಲ. ಸರೋವರದ ಕಡೆಯಿಂದ ಬಂದವರ ಕೈಯಲ್ಲಿ ದೊಡ್ಡ ಆಪಾ ನಮಗೆಂದು ಜಾಮಿನ ಬಾಟಲಿ ಕಳಿಸಿದ್ದರು. ಮುಚ್ಚಳದವರೆಗೂ ತುಂಬಿತ್ತು. ಸದರಿ ನಿಯಮವು ಜಾಮಿಗೂ ಅನ್ವಯಿಸುತ್ತದೆಯೇ ಎಂದು ನಾನೂ ಸವಿತಾಳೂ ಬಹಳ ಚರ್ಚಿಸಿದೆವು. ತೀರ್ಮಾನವಾಗಲಿಲ್ಲ. ಜಾಮ್ ಮುಗಿಯಿತು.

ಮುಂದಿನ ತಿಂಗಳು ಮರಳಿ ಹೋಗುತ್ತಿದ್ದೇನೆ, ಅದೇ ಕೋಣೆಗೆ. ಆ ದಿನದ ಬಟ್ಟಲಿನ ಅರ್ಥವೇನೆಂದು ಒಮ್ಮೆ ಕೇಳಿಬಿಡು ಎಂದು ಅಬ್ಬಾ ದಿನವೂ ಹೇಳುತ್ತಾರೆ. ನಾನು ಆಯಿತೆಂದು ತಲೆಯಾಡಿಸುತ್ತೇನೆ, ಅಷ್ಟೇ.

ಇರುವುದಕ್ಕೆ ಜಾಗ ಸಿಕ್ಕಿರುವಾಗ, ಇರಬಹುದೇ ಎಂದು ಯಾರಾದರೂ ಬಾಯಿಬಿಟ್ಟು ಕೇಳುತ್ತಾರೆಯೇ?